ತಲೆ ಮೇಲಾದ ಕೂಸು: ಒಂದು ನಿರ್ಧಾರದ ಚರಿತ್ರೆ

ದಿನ ತುಂಬಿದರೂ ನೂರರಲ್ಲಿ ಮೂರು ನಾಲ್ಕು ಕೂಸುಗಳು ತಲೆ ಕೆಳಗಾಗಿ ತಿರುಗಿರುವುದಿಲ್ಲ. ನಾವು ವಿದ್ಯಾರ್ಥಿಗಳಾಗಿದ್ದಾಗ ಹಿರಿಯರು ಇಂಥ ಹೆರಿಗೆಯನ್ನು ಕೈಚಳಕದಿಂದಲೇ ಮಾಡಿಸುತ್ತಿದ್ದರು. 2000ನೇ ಇಸವಿಯಲ್ಲಿ ಕೆನಡಾದ ಮೇರಿ ಹನ್ನಾ ಅವರ ತಂಡವು 26 ದೇಶಗಳ 2,088 ಗರ್ಭಿಣಿಯರ ಅಧ್ಯಯನವನ್ನು ಪ್ರಕಟಿಸಿತು. ಶಿಶುಮರಣ ಅಥವಾ ತೀವ್ರ ತೊಂದರೆಯ ಪ್ರಮಾಣವು ಯೋಜಿತ ಸಿಸೇರಿಯನ್‌ನಲ್ಲಿ ಶೇ. 1.6, ಸಹಜ ಹೆರಿಗೆಗೆ ಯೋಜಿಸಿದವರಲ್ಲಿ ಶೇ. 5. ನಾವೆಲ್ಲ ಶಸ್ತ್ರಚಿಕಿತ್ಸೆಗೇ ಒಲಿದೆವು. ಆದರೆ 2004ರಲ್ಲಿ, ಅದೇ ಮಕ್ಕಳಲ್ಲಿ ಹಲವರನ್ನು ಎರಡು ವರ್ಷ ತುಂಬಿದಾಗ ಪರೀಕ್ಷಿಸಲಾಗಿ, ಮರಣದಲ್ಲಾಗಲಿ ಬುದ್ಧಿ ಬೆಳವಣಿಗೆಯ ಕುಂಠಿತದಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. 2006ರಲ್ಲಿ ಅಮೆರಿಕದ ಪ್ರಸೂತಿತಜ್ಞರ ಸಂಸ್ಥೆಯು, ನುರಿತ ವೈದ್ಯರಿದ್ದಲ್ಲಿ ಸಹಜ ಹೆರಿಗೆಯೂ ಸಾಧ್ಯವೆಂದಿತು. ಅಷ್ಟರಲ್ಲಿ ಆ ನುರಿತ ಕೈಗಳೇ ವಿರಳವಾಗಿದ್ದವು. ಆದುದರಿಂದ, 37ನೇ ವಾರದ ಸುಮಾರಿಗೆ ಹೊಟ್ಟೆಯ ಹೊರಗಿನಿಂದ ಕೂಸನ್ನು ತಿರುಗಿಸಬಹುದೇ ಎಂದು ಮೊದಲು ವಿಚಾರಿಸಿರಿ. ತಿರುಗದಿದ್ದರೆ, ಈ ಹೆರಿಗೆಯಲ್ಲಿ ಪಳಗಿದವರು ನಿಮ್ಮಲ್ಲಿ ಯಾರಿದ್ದಾರೆಂದು ಸಂಕೋಚವಿಲ್ಲದೆ ಕೇಳಿರಿ.