ಮುಂಬಯಿಯ ಇರಾನಿ ಹೋಟೆಲಿನ ಕುರ್ಚಿ: ಸಂಗ್ರಹ ಮತ್ತು ಚರಿತ್ರೆ

ಮುಂಬಯಿಯ ಚೋರ್ ಬಜಾರಿನಲ್ಲಿಯೂ ಜೋಗೇಶ್ವರಿಯ ಓಶಿವರಾ ಪೇಟೆಯಲ್ಲಿಯೂ ಹಳೆಯ ಮರದ ಸಾಮಾನುಗಳನ್ನು ಅರಸುವ ಸಂಗ್ರಾಹಕರಿಗೆ ಇರಾನಿ ಹೋಟೆಲಿನ ಕುರ್ಚಿಯ ಮೇಲೆ ವಿಶೇಷ ಮೋಹವುಂಟು. ದುಂಡನೆಯ ಆಸನ, ಬಿಲ್ಲಿನಂತೆ ಬಾಗಿದ ಬೆನ್ನು, ತೆಳುವಾದ ಕಾಲುಗಳು. ಇವೇ ಅದರ ಲಕ್ಷಣ. ಇದನ್ನು ಕೆಲವರು ‘ಥೋನೆಟ್’ ಎನ್ನುವರು, ಕೆಲವರು ‘ಪೋಲಿಷ್ ಕುರ್ಚಿ’ ಎನ್ನುವರು. ಯಾವ ಹೆಸರು ಸರಿಯೆಂಬ ಪ್ರಶ್ನೆ ಕೇವಲ ಬೆಲೆಗೆ ಸಂಬಂಧಿಸಿದುದಲ್ಲ. ಈ ನಗರದ ಚರಿತ್ರೆಗೂ ಸಂಬಂಧಿಸಿದುದು.

ಮಿಖಾಯೆಲ್ ಥೋನೆಟ್ (೧೭೯೬-೧೮೭೧) ರೈನ್ ನದಿಯ ದಡದ ಬೊಪ್ಪಾರ್ಡಿನವನು. ೧೮೪೨ರಲ್ಲಿ ವಿಯೆನ್ನಾಕ್ಕೆ ಬಂದು ನೆಲೆಸಿದ ಈ ಬಡಗಿ, ೧೮೫೩ರಲ್ಲಿ ತನ್ನ ಉದ್ಯಮವನ್ನು ಐವರು ಮಕ್ಕಳ ಹೆಸರಿಗೆ ಮಾಡಿದನು. ಬೀಚ್ ಮರದ ಕೋಲುಗಳನ್ನು ಹಬೆಯಲ್ಲಿ ಮೆದುಗೊಳಿಸಿ, ಹೊರಮೈಗೆ ಲೋಹದ ಪಟ್ಟಿಯನ್ನು ಬಿಗಿದು ಅಚ್ಚಿಗೆ ಬಾಗಿಸಿ ಒಣಗಿಸುವುದು ಅವರ ವಿಧಾನ. ಪಟ್ಟಿಯ ಬಿಗಿತದಿಂದ ಮರದ ನಾರು ಸೀಳುತ್ತಿರಲಿಲ್ಲ. ಇದಕ್ಕೆ ೧೮೫೬ರಲ್ಲಿ ಏಕಸ್ವಾಮ್ಯದ ಹಕ್ಕು ದೊರೆಯಿತು. ೧೮೫೯ರ ಪ್ರಸಿದ್ಧವಾದ ೧೪ನೆಯ ನಮೂನೆಯಲ್ಲಿ ಇದ್ದುದು ಆರು ಮರದ ತುಂಡುಗಳು, ಹತ್ತು ತಿರುಪುಮೊಳೆಗಳು, ಎರಡು ನಟ್ಟುಗಳು. ಬಿಡಿಬಿಡಿಯಾಗಿ ಕಟ್ಟಿದರೆ ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ ಮೂವತ್ತಾರು ಕುರ್ಚಿಗಳು ಅಡಗುತ್ತಿದ್ದವು. ಅಂಟಿಗೆ ಬದಲಾಗಿ ತಿರುಪುಮೊಳೆಯನ್ನು ನಂಬಿದ್ದರಿಂದ ಕಡಲಿನ ತೇವಕ್ಕೆ ಕೀಲು ಕಳಚುವ ಭಯವೂ ತಗ್ಗಿತು. ಮುಂಬಯಿಯಂತಹ ಮಳೆಯ ಊರಿಗೆ ಇದಕ್ಕಿಂತ ಒಪ್ಪುವ ಕುರ್ಚಿ ಬೇರೊಂದಿರಲಿಲ್ಲ.

ಇದೇ ಮುಂಬಯಿಯಲ್ಲಿ ಹತ್ತೊಂಬತ್ತನೆಯ ಶತಮಾನದ ಸಿರಿವಂತರು ಪಶ್ಚಿಮ ಘಟ್ಟಗಳ ಬೀಟೆಯಲ್ಲಿ ಕೆತ್ತಿಸಿದ ಭಾರವಾದ ಆಸನಗಳಲ್ಲಿ ಕುಳಿತರು. ಕನ್ನಡಿಗರಿಗೆ ಚಿರಪರಿಚಿತವಾದ ಆ ಮರ ಗೌರವದ ಗುರುತಾಗಿತ್ತು. ಬಾಗುಮರದ ಕುರ್ಚಿಯಾದರೋ ಹಗುರ, ಅಗ್ಗ. ಯಾರು ಬೇಕಾದರೂ ಎಳೆದು ಕುಳಿತುಕೊಳ್ಳಬಹುದಾದದ್ದು. ಯಜ್ದ್ ಮತ್ತು ಕೆರ್ಮಾನ್ ಪ್ರಾಂತಗಳಿಂದ ಬಂದ ಇರಾನಿ ಜರತುಷ್ಟ್ರೀಯರು ಬೀದಿಯ ಮೂಲೆಗಳಲ್ಲಿ ತೆರೆದ ಚಹಾದ ಅಂಗಡಿಗಳಿಗೆ ಅದು ಹೇಳಿ ಮಾಡಿಸಿದಂತಿತ್ತು. ೧೯೦೪ರ ಕಯಾನಿ, ೧೯೨೩ರ ಬ್ರಿಟಾನಿಯಾ ಮೊದಲಾದೆಡೆಗಳಲ್ಲಿ ಗುಮಾಸ್ತನೂ ವಕೀಲನೂ ವಿದ್ಯಾರ್ಥಿಯೂ ಒಂದೇ ಬಗೆಯ ಕುರ್ಚಿಯಲ್ಲಿ ಕುಳಿತರು.

ಈಗ ಹೆಸರಿನ ಪ್ರಶ್ನೆ. ೧೮೬೯ರಲ್ಲಿ ಏಕಸ್ವಾಮ್ಯ ಮುಗಿದೊಡನೆ ಯಾಕೋಬ್ ಮತ್ತು ಯೋಸೆಫ್ ಕೋನ್ ಮೊದಲಾದವರ ಕಾರ್ಖಾನೆಗಳು ಇಂತಹ ಕುರ್ಚಿಗಳನ್ನೇ ಮಾಡತೊಡಗಿದವು. ಆದುದರಿಂದ ಬಾಗಿದ ಬೆನ್ನೊಂದನ್ನೇ ಕಂಡು ಥೋನೆಟ್ ಎಂದು ನಿರ್ಣಯಿಸುವುದು ಸಾಧುವಲ್ಲ. ಇನ್ನೊಂದೆಡೆ ಥೋನೆಟ್ ಬಂಧುಗಳಿಗೆ ಅಂದು ರಷ್ಯದ ಅಧೀನದಲ್ಲಿದ್ದ ಪೋಲೆಂಡಿನ ರಾದೊಮ್ಸ್ಕೊದಲ್ಲಿಯೂ ಕಾರ್ಖಾನೆಯಿತ್ತು. ಹೀಗಾಗಿ ‘ಪೋಲಿಷ್’ ಎಂದು ಕರೆಸಿಕೊಂಡ ಮಾತ್ರಕ್ಕೆ ಕುರ್ಚಿ ಥೋನೆಟ್ ಅಲ್ಲವೆನ್ನಲೂ ಬಾರದು. ಆಸನದ ಬಳೆಯ ಒಳಮೈಯಲ್ಲಿ ಅಂಟಿಸಿದ ಚೀಟಿ, ಒತ್ತಿದ ಮುದ್ರೆ; ಇವೇ ಪ್ರಬಲ ಸಾಕ್ಷ್ಯ. ಹೊಳಪಿಗಾಗಿ ಮರವನ್ನು ಉಜ್ಜಿ ಬಣ್ಣ ಬಳಿದಾಗ ಮೊದಲು ಅಳಿಯುವುದೂ ಇವೇ.

ಆದರೆ ಯಾರು ಮಾಡಿದರೆಂಬುದು ಅರ್ಧ ಚರಿತ್ರೆ ಮಾತ್ರ. ಎಲ್ಲಿ ಬಾಳಿತೆಂಬುದು ಉಳಿದರ್ಧ. ಧೋಬಿ ತಲಾವಿನ ಬಸ್ತಾನಿಯಂತಹ ಹಲವು ಇರಾನಿ ಹೋಟೆಲುಗಳು ಮುಚ್ಚಿದವು. ಹಲವನ್ನು ದಕ್ಷಿಣ ಕನ್ನಡದಿಂದ ಬಂದ ಹೋಟೆಲಿಗರು ವಹಿಸಿಕೊಂಡರು. ೧೯೪೨ರಲ್ಲಿ ಮಾಟುಂಗಾದಲ್ಲಿ ಎ. ರಾಮ ನಾಯಕರು ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಂತಹ ಸಂಸ್ಥೆಗಳ ಚರಿತ್ರೆಯನ್ನು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಕೈಬದಲಾದ ಅಂಗಡಿಗಳ ಚರಿತ್ರೆಯೂ ನಮ್ಮದೇ. ಆ ವ್ಯವಹಾರದ ಕರಾರುಪತ್ರಗಳಲ್ಲಿ, ಸಾಮಾನುಗಳ ಯಾದಿಗಳಲ್ಲಿ, ಹಿರಿಯರ ನೆನಪಿನಲ್ಲಿ ಎಷ್ಟು ಕುರ್ಚಿಗಳಿದ್ದವು, ಎಲ್ಲಿಗೆ ಹೋದವು ಎಂಬ ವಿವರ ಸಿಕ್ಕೀತು. ಅಂತಹ ಕಾಗದಗಳು ರದ್ದಿಯ ಪಾಲಾದರೆ ಯಾವ ಪೇಟೆಯಲ್ಲಿಯೂ ಅವನ್ನು ಮರಳಿ ಕೊಳ್ಳಲಾಗದು.

ಸಂಗ್ರಾಹಕನು ಕುರ್ಚಿಯನ್ನು ಕೊಂಡ ದಿನವೇ ಅದು ಬಂದ ಅಂಗಡಿಯ ಹೆಸರು, ಬೀದಿ, ಮುಚ್ಚಿದ ವರ್ಷಗಳನ್ನು ಬರೆದಿಡಲಿ, ಚೀಟಿಯನ್ನು ಉಜ್ಜದಿರಲಿ. ಊರಿನ ಹೆಸರನ್ನು ಕಳೆದುಕೊಂಡ ಕುರ್ಚಿ ಮನೆಯ ಅಲಂಕಾರವಾದೀತು, ಚರಿತ್ರೆಗೆ ಆಧಾರವಾಗದು.