ಮುದ್ರಣದಲ್ಲಿ ವಚನೋದ್ಧರಣೆ: ಅಂದವೂ ಅಂಕಿತವೂ

ಜಾತ್ರೆಯ ಆಮಂತ್ರಣ, ಗೃಹಪ್ರವೇಶದ ಕರೆಯೋಲೆ, ಸ್ಮರಣ ಸಂಚಿಕೆ ಮೊದಲಾದವುಗಳಲ್ಲಿ ವಚನವೊಂದನ್ನು ಅಚ್ಚು ಹಾಕಿಸುವುದು ತ್ಯಾವರೆಕೊಪ್ಪ ಪರಿಸರದ ಭಕ್ತರಲ್ಲಿ ರೂಢಿಯಾಗಿದೆ. ಹಿಂದೊಮ್ಮೆ ನಮ್ಮದೇ ಕರಪತ್ರದಲ್ಲಿ ಹೂಬಳ್ಳಿಯ ಅಂಚಿಗೆ ಸ್ಥಳ ಸಾಲದೆಂದು ವಚನದ ಕೊನೆಯ ಸಾಲನ್ನು ಕೈಬಿಡಲಾಗಿತ್ತು. ಹಿರಿಯ ಭಕ್ತರೊಬ್ಬರು, “ಕಾರ್ಯದರ್ಶಿಗಳೇ, ಇದು ಯಾವ ಶರಣರ ವಚನ?” ಎಂದು ಕೇಳಿದಾಗ ನಮಗೆ ತಪ್ಪಿನ ಅರಿವಾಯಿತು. ಬಿಟ್ಟುಹೋದದ್ದು ಅಂಕಿತವೇ ಆಗಿತ್ತು.

ಓಲೆಗರಿಯಿಂದ ಅಚ್ಚಿಗೆ

ಓಲೆಗರಿಗಳಲ್ಲಿ ವಚನಗಳನ್ನು ಸಾಲು ಒಡೆಯದೆ, ಪದಗಳ ನಡುವೆ ತೆರಪು ಬಿಡದೆ ಬರೆಯುತ್ತಿದ್ದರು. ವಚನ ಎಲ್ಲಿ ಮುಗಿಯಿತು, ಯಾರದು ಎಂಬುದನ್ನು ತಿಳಿಸುತ್ತಿದ್ದುದು ಮುಖ್ಯವಾಗಿ ಅಂಕಿತ. ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು; 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಇಂದು ನಾವು ಕಾಣುವ ಗಿಡ್ಡ ಸಾಲುಗಳೂ ವಿರಾಮ ಚಿಹ್ನೆಗಳೂ ಮುದ್ರಣ ಕಾಲದ ಸಂಪಾದಕರು ಕೂಡಿಸಿದವು. ಆದುದರಿಂದ ಸಾಲಿನ ವಿನ್ಯಾಸ ಬದಲಾಗಬಹುದು, ಶಬ್ದ ಬದಲಾಗಲಾಗದು.

ಅಂಕಿತದ ಮಹತ್ವ

ನಮ್ಮ ಜಿಲ್ಲೆಯ ಬಳ್ಳಿಗಾವೆಯ ಅಲ್ಲಮಪ್ರಭುಗಳನ್ನು ‘ಗುಹೇಶ್ವರ’ದಿಂದ, ಉಡುತಡಿಯ ಅಕ್ಕಮಹಾದೇವಿಯನ್ನು ‘ಚೆನ್ನಮಲ್ಲಿಕಾರ್ಜುನ’ದಿಂದ ಗುರುತಿಸುತ್ತೇವೆ. ಬಸವಣ್ಣನವರ ಅಂಕಿತವನ್ನು ಬದಲಿಸಿದ ಗ್ರಂಥವೊಂದನ್ನು ರಾಜ್ಯ ಸರ್ಕಾರ 1998ರಲ್ಲಿ ಮುಟ್ಟುಗೋಲು ಹಾಕಿಕೊಂಡಿತು. 2017ರಲ್ಲಿ ಸುಪ್ರೀಂ ಕೋರ್ಟು ಆ ಕ್ರಮವನ್ನು ಎತ್ತಿಹಿಡಿಯಿತು.

ಪಾಲಿಸಬೇಕಾದ ಕ್ರಮ

1. ಪಾಠವನ್ನು ನೆನಪಿನಿಂದ ಬರೆಯದೆ ಮುದ್ರಿತ ಗ್ರಂಥದೊಡನೆ ಹೋಲಿಸಿ ನೋಡಬೇಕು. ರಾಜ್ಯ ಸರ್ಕಾರವು ಪ್ರಕಟಿಸಿರುವ 15 ಸಂಪುಟಗಳ ‘ಸಮಗ್ರ ವಚನ ಸಂಪುಟ’ ಇದಕ್ಕೆ ಅನುಕೂಲ.

2. ವಚನವನ್ನು ಎಡ ಅಂಚಿನಿಂದ ತುಸು ಒಳಕ್ಕೆ ಸರಿಸಿ, ಮೇಲೆ ಕೆಳಗೆ ತೆರಪು ಬಿಟ್ಟರೆ ಶರಣರ ಮಾತೂ ನಮ್ಮ ವಿವರಣೆಯೂ ಬೇರೆಯಾಗಿ ಕಾಣುತ್ತವೆ. ಹೀಗೆ ಬೇರ್ಪಡಿಸಿದ ಮೇಲೆ ಉದ್ಧರಣ ಚಿಹ್ನೆ ಬೇಕಿಲ್ಲ.

3. ಇಂಗ್ಲಿಷಿನಂತೆ ಓರೆ ಅಕ್ಷರ ಬಳಸುವುದು ಕನ್ನಡಕ್ಕೆ ಒಗ್ಗದು. ದಪ್ಪ ಅಕ್ಷರದಲ್ಲಿ ಒತ್ತಕ್ಷರಗಳು ಮುಚ್ಚಿಹೋಗುತ್ತವೆ. ಒತ್ತು, ಕೊಂಬು ತಾಗದಂತೆ ಸಾಲುಗಳ ನಡುವೆ ಧಾರಾಳ ಅಂತರವಿರಲಿ.

4. ಅಕ್ಷರದ ಹಿಂದೆ ಚಿತ್ರ ಬೇಡ. ತಿಳಿಬಣ್ಣದ ಹಿನ್ನೆಲೆ ಸಾಕು.

5. ನಡುವೆ ಸಾಲು ಬಿಟ್ಟಿದ್ದರೆ ಚುಕ್ಕಿಗಳಿಂದ ಸೂಚಿಸಬೇಕು. ಅಂಕಿತವನ್ನು ಎಂದಿಗೂ ಬಿಡಲಾಗದು.

6. ಕೆಳಗೆ ಬಲಗಡೆ ವಚನಕಾರರ ಹೆಸರಿರಲಿ. ವಿವಿಧ ಗ್ರಂಥಗಳಲ್ಲಿ ವಚನದ ಸಂಖ್ಯೆ ಬೇರೆ ಬೇರೆಯಾಗಿರುವುದರಿಂದ, ಸಂಖ್ಯೆ ಕೊಡುವಾಗ ಗ್ರಂಥದ ಹೆಸರನ್ನೂ ಕೊಡಬೇಕು.

ಸ್ಥಳ ಸಾಲದಿದ್ದರೆ ಅಂಚಿನ ಹೂಬಳ್ಳಿಯನ್ನು ತೆಗೆಯೋಣ, ವಚನದ ಸಾಲನ್ನಲ್ಲ. ಅಚ್ಚಿಗೆ ಕಳುಹಿಸುವ ಮುನ್ನ ಕರಡನ್ನು ಒಮ್ಮೆ ಗಟ್ಟಿಯಾಗಿ ಓದಿಸಿ ಕೇಳಬೇಕೆಂದು ಸದ್ಭಕ್ತರಲ್ಲಿ ವಿನಂತಿಸುತ್ತೇವೆ.