ಮಸಾರಿ ನೆಲದ ಔಡಲ ಮತ್ತು ಮಾದರಿ ವಿಮಾನದ ಎಂಜಿನ್

ಕೃಷ್ಣೆ ತೆಲಂಗಾಣಕ್ಕೆ ಕಾಲಿಡುವ ಮಖ್ತಲ್ ಸೀಮೆ, ಅದಕ್ಕೆ ಹೊಂದಿಕೊಂಡ ನಾರಾಯಣಪೇಟೆ, ಕೃಷ್ಣಾ ಮತ್ತು ತುಂಗಭದ್ರೆಗಳ ನಡುವಣ ಗದ್ವಾಲ, ಇವುಗಳ ಹೆಸರು ಕೈಮಗ್ಗದ ಸೀರೆಗಳ ಜೊತೆಗೋ ಸಂಸ್ಥಾನದ ಕೋಟೆಯ ಜೊತೆಗೋ ಕೇಳಿಬರುವುದೇ ಹೆಚ್ಚು. ಆದರೆ ಈ ನೆಲದ ಮಳೆಯಾಶ್ರಿತ ಹೊಲಗಳಲ್ಲಿ ತಲೆಮಾರುಗಳಿಂದ ಬೆಳೆದು ಬಂದ ಔಡಲ, ಅಂದರೆ ಹಳೆ ಮೈಸೂರು ಕಡೆಯವರು ಹರಳು ಎನ್ನುವ ಎಣ್ಣೆಬೀಜ, ವಿಮಾನದ ಎಂಜಿನ್ನಿನ ಚರಿತ್ರೆಯಲ್ಲಿ ನಿರ್ಣಾಯಕವಾದ ಪಾತ್ರ ವಹಿಸಿದೆ; ದೊಡ್ಡ ವಿಮಾನಗಳು ಅದನ್ನು ಕೈಬಿಟ್ಟು ಎಷ್ಟೋ ಕಾಲವಾದ ಮೇಲೂ ರೇಡಿಯೊ ನಿಯಂತ್ರಣದಿಂದ ಹಾರುವ ಮಾದರಿ ವಿಮಾನಗಳ ಎಂಜಿನ್ ಅದನ್ನು ಬಿಡಲಿಲ್ಲ. ಮಾದರಿ ವಿಮಾನಕ್ಕೆ ಎಂಜಿನ್ ಆರಿಸುವ ವಿದ್ಯೆ ಬಹುಮಟ್ಟಿಗೆ ಅದಕ್ಕೆ ತಕ್ಕ ಎಣ್ಣೆಯನ್ನು ಅರಿಯುವ ವಿದ್ಯೆಯೇ ಆಗಿರುವುದರಿಂದ, ಆ ಎಂಜಿನ್ನಿನ ಕಥೆಯನ್ನು ಈ ಗಡಿನಾಡಿನ ಹೊಲದಿಂದ ಆರಂಭಿಸುವುದು ನ್ಯಾಯವಾಗಿದೆ.

ಈ ಪ್ರದೇಶವು 1948ರವರೆಗೆ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ಆಗ ರಾಯಚೂರು ಜಿಲ್ಲೆಗೆ ಸೇರಿದ್ದು, 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಆಂಧ್ರಪ್ರದೇಶದ ಪಾಲಾದವು. ಗಡಿ ಬದಲಾದರೂ ಕನ್ನಡ ಮತ್ತು ತೆಲುಗುಗಳು ಒಂದೇ ಸಂತೆಯಲ್ಲಿ ಕೇಳುವುದು ನಿಲ್ಲಲಿಲ್ಲ. ನದಿಯ ದಂಡೆಯ ಎರೆ ಭೂಮಿಯಲ್ಲಿ ಜೋಳ, ಹತ್ತಿ ಬೆಳೆದರೆ, ತೇವವನ್ನು ಹೆಚ್ಚು ದಿನ ಹಿಡಿದಿಡಲಾರದ ತೆಳುವಾದ ಮಸಾರಿ, ಅಂದರೆ ಕೆಂಪು ನೆಲದಲ್ಲಿ, ಔಡಲವೇ ರೈತನ ಧೈರ್ಯವಾಗಿತ್ತು. ಬೇರನ್ನು ಆಳಕ್ಕೆ ಇಳಿಸುವ ಈ ಗಿಡ ಮಳೆ ಕೈಕೊಟ್ಟ ವರ್ಷವೂ ಒಂದಿಷ್ಟು ಕೈಗೆ ಕೊಡುತ್ತದೆ, ದನಕರುಗಳು ಅದಕ್ಕೆ ಬಾಯಿ ಹಾಕುವುದು ಕಡಿಮೆ, ಜೊತೆಗೆ ಗೊನೆಗಳು ಒಮ್ಮೆಲೇ ಮಾಗದೆ ಒಂದರ ಹಿಂದೊಂದರಂತೆ ಬಲಿಯುವುದರಿಂದ ಕೊಯ್ಲು ವಾರಗಟ್ಟಲೆ ಹಂಚಿಹೋಗುತ್ತದೆ. ಒಣಗಿದ ಗೊನೆಯ ಮುಳ್ಳು ಮುಳ್ಳಾದ ಕಾಯಿಗಳನ್ನು ಕಣದಲ್ಲಿ ಬಿಸಿಲಿಗೆ ಹರವಿ ಬಡಿದಾಗ ಮೂರು ಹೋಳಾಗಿ ಒಡೆದು, ಒಂದೊಂದರಿಂದಲೂ ಚುಕ್ಕೆ ಚುಕ್ಕೆಯ ಮಿರುಗುವ ಬೀಜ ಹೊರಬೀಳುತ್ತದೆ. ಅದರ ತೂಕದ ಸುಮಾರು ಅರ್ಧದಷ್ಟು ಎಣ್ಣೆಯೇ.

ಮನೆಬಳಕೆಗೆ ಬೀಜವನ್ನು ಹುರಿದು, ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ಹೆಂಗಸರು ಎತ್ತಿಕೊಳ್ಳುತ್ತಿದ್ದರು. ದೀಪಕ್ಕೆ, ತಲೆಗೆ, ಬಾಣಂತಿಯ ಮೈಗೆ, ತೊಗಲಿನ ಸಾಮಾನಿಗೆ ಅದೇ ಎಣ್ಣೆ. ಬಂಡಿಯ ಅಚ್ಚಿಗೆ ಹಾಕುವ ಕೀಲೆಣ್ಣೆಯೂ ಅದೇ. ಭಾರ ಹೊತ್ತ ಗಾಲಿ ಅಚ್ಚಿನ ಮೇಲೆ ತಿಕ್ಕಾಡಿದಾಗಲೂ ಹಿಂಡಿಹೋಗದೆ ಅಂಟಿಕೊಂಡು ನಿಲ್ಲುವ ಗುಣವನ್ನು ರಸಾಯನಶಾಸ್ತ್ರ ವಿವರಿಸುವುದಕ್ಕೆ ಬಹಳ ಮೊದಲೇ ಬಂಡಿ ಹೊಡೆಯುವವರು ಅನುಭವದಿಂದ ತಿಳಿದಿದ್ದರು ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು, ಏಕೆಂದರೆ ಮುಂದೆ ಎಂಜಿನ್ ತಯಾರಕರು ಬೆನ್ನುಹತ್ತಿದ್ದು ಇದೇ ಗುಣವನ್ನು.

1871ರಲ್ಲಿ ಮುಂಬಯಿಯಿಂದ ಬಂದ ರೈಲು ಹಳಿ ಮತ್ತು ಮದರಾಸಿನಿಂದ ಬಂದ ಹಳಿ ರಾಯಚೂರಿನಲ್ಲಿ ಕೂಡಿದ ಮೇಲೆ ಈ ಬೆಳೆಯ ಮಾರುಕಟ್ಟೆಯೇ ಬದಲಾಯಿತು. ಮಖ್ತಲ್ ಸೀಮೆಗೆ ನದಿಯ ದಂಡೆಯ ಕೃಷ್ಣಾ ನಿಲ್ದಾಣ ದೊರೆತರೆ, ಸೈದಾಪುರದ ನಿಲ್ದಾಣಕ್ಕೆ ನಾರಾಯಣಪೇಟೆ ರೋಡ್ ಎಂಬ ಹೆಸರೇ ಬಂದಿತು. ಹೈದರಾಬಾದ್ ಸಂಸ್ಥಾನವು ಭಾರತದ ಔಡಲ ಬೆಳೆಯುವ ಪ್ರದೇಶಗಳ ಮೊದಲ ಸಾಲಿನಲ್ಲಿತ್ತು, ಅದರಲ್ಲಿಯೂ ಮಹಬೂಬನಗರ ಮತ್ತು ನಲ್ಗೊಂಡ ಜಿಲ್ಲೆಗಳು ಮುಂದಿದ್ದವು. ಅಡತಿ ಅಂಗಡಿಯಲ್ಲಿ ತೂಗಿದ ಚೀಲ ಒಮ್ಮೆ ಬಂದರನ್ನು ಮುಟ್ಟಿತೆಂದರೆ ಹತ್ತಾರು ಸೀಮೆಗಳ ಬೀಜದೊಡನೆ ಬೆರೆತುಹೋಗುತ್ತಿದ್ದುದರಿಂದ, ಬೆಳೆದ ಊರಿನ ಹೆಸರು ಅದರ ಸಂಗಡ ಕಡಲು ದಾಟಲಿಲ್ಲ.

ಕಡಲಾಚೆಗೆ ಔಡಲೆಣ್ಣೆಯ ಅಗತ್ಯ ಹಠಾತ್ತನೆ ಏರಿದ್ದು ವಿಮಾನದಿಂದ. ಫ್ರಾನ್ಸಿನ ಸೆಗ್ವಿನ್ ಸಹೋದರರು 1908ರ ಹೊತ್ತಿಗೆ ರೂಪಿಸಿದ ನೋಮ್ ಎಂಜಿನ್ ರೋಟರಿ ಮಾದರಿಯದು, ಎಂದರೆ ಅದರಲ್ಲಿ ನಡುವಿನ ದಂಡ ವಿಮಾನಕ್ಕೆ ಬಿಗಿಯಾಗಿ ಕೂತಿದ್ದು, ಸುತ್ತಲಿನ ಸಿಲಿಂಡರುಗಳೇ ಪ್ರೊಪೆಲರಿನೊಂದಿಗೆ ಗಿರಗಿರನೆ ತಿರುಗುತ್ತಿದ್ದವು. ಇಂಧನದ ಆವಿ ಎಂಜಿನ್ನಿನ ಹೊಟ್ಟೆಯ ಮೂಲಕವೇ ಹಾದುಹೋಗುತ್ತಿದ್ದುದರಿಂದ ಸಾಮಾನ್ಯ ಖನಿಜ ಎಣ್ಣೆ ಹಾಕಿದರೆ ಪೆಟ್ರೋಲು ಅದನ್ನು ಕರಗಿಸಿ ತೊಳೆದುಬಿಡುತ್ತಿತ್ತು. ಔಡಲೆಣ್ಣೆ ಪೆಟ್ರೋಲಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಅದರ ಕೊಬ್ಬಿನಾಮ್ಲಗಳಲ್ಲಿ ಶೇಕಡ 85ಕ್ಕೂ ಮಿಕ್ಕಿ ಇರುವ ರಿಸಿನೋಲಿಕ್ ಆಮ್ಲದ ಅಣುವಿಗೆ ಹೈಡ್ರಾಕ್ಸಿಲ್ ಎಂಬ ಒಂದು ಹೆಚ್ಚಿನ ಗುಂಪು ಅಂಟಿಕೊಂಡಿದೆ. ಇದರಿಂದಾಗಿಯೇ ಆ ಎಣ್ಣೆ ದಪ್ಪಗಿರುತ್ತದೆ, ಪೆಟ್ರೋಲಿಗೆ ಒಲ್ಲೆನ್ನುತ್ತದೆ, ಆಲ್ಕೋಹಾಲಿನೊಡನೆ ಮಾತ್ರ ಚೆನ್ನಾಗಿ ಬೆರೆಯುತ್ತದೆ. ರೋಟರಿ ಎಂಜಿನ್ನಿಗೆ ಹಾಕಿದ ಎಣ್ಣೆ ಮರಳಿ ಬರದೆ ಹೊಗೆಯೊಡನೆ ಹೊರಗೆ ಹೋಗಿಬಿಡುತ್ತಿದ್ದುದರಿಂದ ಖರ್ಚೂ ವಿಪರೀತವಾಗಿತ್ತು. ಮೊದಲ ಮಹಾಯುದ್ಧದಲ್ಲಿ ಅಮೆರಿಕ ತನ್ನ ದಕ್ಷಿಣದ ರಾಜ್ಯಗಳಲ್ಲಿ ಔಡಲ ಬೆಳೆಸಲು ಭಾರತದಿಂದ ಬಿತ್ತನೆಯ ಬೀಜವನ್ನೇ ತರಿಸಿಕೊಂಡಿತು. ಅದೇ ಯುದ್ಧದಲ್ಲಿ, 1918ರಲ್ಲಿ, ಬ್ರಿಟಿಷ್ ವಾಯುಪಡೆಯ 110ನೆಯ ದಳಕ್ಕೆ ನಿಜಾಮನ ಹಣದಿಂದ ಡಿಎಚ್ 9ಎ ವಿಮಾನಗಳು ಬಂದವು, ದಳಕ್ಕೆ ಹೈದರಾಬಾದಿನ ಹೆಸರೂ ಸೇರಿತು. ದೊರೆಯ ಕೊಡುಗೆಗೆ ಹೀಗೆ ಹೆಸರು ದಕ್ಕಿದಾಗ, ಅದೇ ಸಂಸ್ಥಾನದ ಒಕ್ಕಲಿಗನ ಬೀಜಕ್ಕೆ ಅಂಥ ಗೌರವ ಸಿಗದೆ ಹೋದದ್ದು ಚರಿತ್ರೆಯ ಅನ್ಯಾಯಗಳಲ್ಲಿ ಒಂದು.

ಯುದ್ಧಾನಂತರ ರೋಟರಿ ಎಂಜಿನ್ ಮೂಲೆಗೆ ಸರಿದು ಔಡಲೆಣ್ಣೆಗೆ ಆಕಾಶದಲ್ಲಿ ಕೆಲಸ ಮುಗಿಯಿತು ಎನ್ನುವಷ್ಟರಲ್ಲಿ ಮಾದರಿ ವಿಮಾನಗಳು ಅದನ್ನು ಎತ್ತಿಕೊಂಡವು. ಅದಕ್ಕೂ ಬಹಳ ಹಿಂದೆ, 1871ರಲ್ಲಿ, ಪ್ಯಾರಿಸ್ಸಿನಲ್ಲಿ ಆಲ್ಫೋನ್ಸ್ ಪೆನೋ ಹಾರಿಸಿದ ಮಾದರಿಗೆ ತಿರುಚಿದ ರಬ್ಬರೇ ಎಂಜಿನ್. 1896ರಲ್ಲಿ ಅಮೆರಿಕದ ಲ್ಯಾಂಗ್ಲಿ ಹಾರಿಸಿದ್ದು ಉಗಿಯಂತ್ರದ ಮಾದರಿ. 1930ರ ದಶಕದಲ್ಲಿ ಬ್ರೌನ್ ಜೂನಿಯರ್ ಎಂಬ ಪುಟ್ಟ ಪೆಟ್ರೋಲ್ ಎಂಜಿನ್ ಮಾರಾಟಕ್ಕೆ ಬಂದಿತು, 1937ರಲ್ಲಿ ವಾಲ್ಟರ್ ಮತ್ತು ವಿಲಿಯಂ ಗುಡ್ ಎಂಬ ಅವಳಿ ಸಹೋದರರು ತಮ್ಮ ಗಫ್ ವಿಮಾನವನ್ನು ರೇಡಿಯೊದಿಂದ ನಡೆಸಿ ತೋರಿಸಿದರು. ಆದರೆ ಕಿಡಿ ಹೊತ್ತಿಸಲು ಬ್ಯಾಟರಿ, ಸುರುಳಿ, ತಂತಿಗಳೆಲ್ಲವನ್ನೂ ಹೊರಬೇಕಾದ್ದು ಆ ಎಂಜಿನ್ನುಗಳ ಹೊರೆಯಾಗಿತ್ತು. ಇದನ್ನು ಇಳಿಸಿದ ದಾರಿಗಳು ಎರಡು. ಸ್ವಿಟ್ಜರ್ಲೆಂಡಿನಲ್ಲಿ ಮೊದಲು ಹುಟ್ಟಿದ, ರೂಢಿಯಲ್ಲಿ ಡೀಸೆಲ್ ಎನ್ನಲಾಗುವ ಎಂಜಿನ್ ಈಥರ್, ಸೀಮೆಎಣ್ಣೆ ಮತ್ತು ಔಡಲೆಣ್ಣೆಗಳ ಮಿಶ್ರಣವನ್ನು ಬರಿಯ ಒತ್ತಡದಿಂದ ಹೊತ್ತಿಸುತ್ತದೆ. 1947ರಲ್ಲಿ ಅಮೆರಿಕದ ರೇ ಆರ್ಡೆನ್ ಬಳಕೆಗೆ ತಂದ ಗ್ಲೋ ಪ್ಲಗ್‌ನಲ್ಲಿ ಪ್ಲಾಟಿನಂ ಬೆರೆತ ಸಣ್ಣ ತಂತಿಯ ಸುರುಳಿಯಿದೆ. ಆರಂಭದಲ್ಲಿ ಅದನ್ನು ಒಂದೂವರೆ ವೋಲ್ಟಿನ ಸೆಲ್ಲಿನಿಂದ ಕಾಯಿಸಿದರೆ ಸಾಕು, ಬಳಿಕ ಮೆಥನಾಲ್ ಆವಿಯೇ ಅದರ ಕೆಂಪನ್ನು ಕಾಪಾಡುತ್ತದೆ. ಮೆಥನಾಲ್ ಒಂದು ಆಲ್ಕೋಹಾಲ್ ಆದ್ದರಿಂದ ಖನಿಜ ಎಣ್ಣೆ ಅದರೊಡನೆ ಕೂಡುವುದಿಲ್ಲ, ಔಡಲೆಣ್ಣೆ ಕೂಡುತ್ತದೆ. ಎಣ್ಣೆಗೆ ಪ್ರತ್ಯೇಕ ತೊಟ್ಟಿಯಿಲ್ಲದೆ ಇಂಧನದಲ್ಲೇ ಎಣ್ಣೆ ಬೆರೆಸುವ ಈ ಪುಟ್ಟ ಟೂ ಸ್ಟ್ರೋಕ್ ಎಂಜಿನ್ನುಗಳಿಗೆ ಬೇರೆ ದಾರಿಯೇ ಇರಲಿಲ್ಲ.

ಆಯ್ಕೆಯ ಲೆಕ್ಕಾಚಾರ ಬೆಳೆದದ್ದು ಇಲ್ಲಿಂದ. ಗ್ಲೋ ಎಂಜಿನ್ನುಗಳನ್ನು ಘನ ಅಂಗುಲದ ನೂರನೆಯ ಭಾಗಗಳಲ್ಲಿ ಹೆಸರಿಸುವ ವಾಡಿಕೆಯಿದೆ. 40 ಎಂದರೆ ಸುಮಾರು 6.5 ಸಿಸಿ, 46 ಎಂದರೆ 7.5, 60 ಎಂದರೆ 10. ರೆಕ್ಕೆ ಒಂದೂವರೆ ಮೀಟರ್ ಚಾಚಿದ, ಎರಡೂವರೆ ಕಿಲೋ ತೂಗುವ ಕಲಿಕೆಯ ವಿಮಾನಕ್ಕೆ 40 ಅಥವಾ 46 ಒಪ್ಪುತ್ತದೆ. ಹೆಚ್ಚು ಬಲದ ಎಂಜಿನ್ ಹಾಕಿದರೆ ಒಳ್ಳೆಯದೆಂಬ ಭ್ರಮೆ ಹೊಸಬರಲ್ಲಿ ಸಾಮಾನ್ಯವಾದರೂ, ಮೂತಿಯ ತೂಕ ಏರಿದಂತೆ ವಿಮಾನದ ಗುರುತ್ವಕೇಂದ್ರ ಮುಂದೆ ಸರಿದು, ಅದನ್ನು ಸರಿದೂಗಿಸಲು ಬಾಲಕ್ಕೆ ಸೀಸ ಕಟ್ಟಬೇಕಾಗಿ, ಹಗುರವಾದ ಬಾಲ್ಸಾ ಮರವನ್ನು ಹುಡುಕಿ ತಂದ ಶ್ರಮವೇ ವ್ಯರ್ಥವಾಗುತ್ತದೆ. ಇಂಧನದ ಡಬ್ಬಿಯ ನಡುಗೆರೆ ಸೂಜಿ ಕವಾಟದ ಮಟ್ಟಕ್ಕೆ, ಇಲ್ಲವೇ ಕೂದಲೆಳೆಯಷ್ಟು ಕೆಳಗೆ, ಇರಬೇಕು. ಹೊಗೆಯೊಡನೆ ಬರುವ ಎಣ್ಣೆ ಮರಕ್ಕೆ ಇಳಿಯದಂತೆ ಎಂಜಿನ್ ಕೂರುವ ಗೂಡಿಗೆ ಎಪಾಕ್ಸಿ ಬಳಿಯಬೇಕು. ಹಾರಾಟದ ನಡುವೆ ಇಂಧನ ಕಡಿಮೆಯಾಗಿ ಎಂಜಿನ್ ಕಾದಾಗ ಅನೇಕ ಕೃತಕ ಎಣ್ಣೆಗಳು ಉರಿದುಹೋಗುತ್ತವೆ. ಔಡಲೆಣ್ಣೆ ಮಾತ್ರ ಅಂಥ ಕಾವಿನಲ್ಲಿ ಗಟ್ಟಿಯಾಗಿ, ಲೋಹದ ಮೇಲೆ ಜಿಗುಟಾದ ಪದರವಾಗಿ ನಿಂತು ಪಿಸ್ಟನ್ನನ್ನು ಉಳಿಸುತ್ತದೆ. ಆ ಪದರವೇ ಕಾಲಕ್ರಮದಲ್ಲಿ ಕಂದು ಬಣ್ಣದ ಅಂಟಾಗಿ ಎಂಜಿನ್ನನ್ನು ಹಿಡಿದುಬಿಡುವುದೂ ಉಂಟು. ಆದ್ದರಿಂದಲೇ ಅನುಭವಿಗಳು ಕೃತಕ ಎಣ್ಣೆಗೆ ಒಂದಿಷ್ಟು ಔಡಲೆಣ್ಣೆ ಸೇರಿಸಿಯೇ ಬಳಸುತ್ತಾರೆ, ಅದೂ ಹುರಿದು ಕುದಿಸಿ ತೆಗೆದದ್ದನ್ನಲ್ಲ, ಕಾಯಿಸದೆ ಗಾಣದಲ್ಲಿ ಹಿಂಡಿ ಗೋಂದಿನ ಅಂಶ ತೆಗೆದ ಮೊದಲ ಎಣ್ಣೆಯನ್ನು.

ಭಾರತದಲ್ಲಿ ಈ ವಿದ್ಯೆಗೆ ಆಸರೆಯಾದದ್ದು 1950ರಲ್ಲಿ ಆರಂಭವಾದ ಎನ್‌ಸಿಸಿಯ ವಾಯುವಿಭಾಗ. ಕಲ್ಕತ್ತೆಯಲ್ಲಿ ತಯಾರಾದ ಆರೋರಾ ಡೀಸೆಲ್ ಎಂಜಿನ್ ದೇಶದ ಮಾದರಿ ವಿಮಾನದ ಹವ್ಯಾಸಿಗಳಿಗೆ ಕೈಗೆಟುಕುವ ಬೆಲೆಯಲ್ಲಿ ಸಿಗುತ್ತಿತ್ತು. ಗ್ಲೋ ಇಂಧನಕ್ಕೆ ಬೆರೆಸುವ ಆಮದಿನ ನೈಟ್ರೊಮೀಥೇನ್ ಬೇಡದ, ಪ್ಲಗ್ ಬೇಡದ ಡೀಸೆಲ್ ಇಲ್ಲಿನವರಿಗೆ ಒಗ್ಗಿದ್ದರಲ್ಲಿ ಆಶ್ಚರ್ಯವಿಲ್ಲ, ಏಕೆಂದರೆ ಅದಕ್ಕೆ ಬೇಕಾದ ಮೂರು ದ್ರವಗಳಲ್ಲಿ ಸೀಮೆಎಣ್ಣೆ ಪ್ರತಿ ಮನೆಯದು, ಔಡಲೆಣ್ಣೆಯಂತೂ ಈ ನೆಲದ್ದೇ.

ಇದೇ ದಶಕಗಳಲ್ಲಿ ಔಡಲದ ಬೀಡು ಮಾತ್ರ ಸ್ಥಳ ಬದಲಾಯಿಸಿತು. ಹೈದರಾಬಾದಿನ ರಾಜೇಂದ್ರನಗರದಲ್ಲಿ ಎಚ್‌ಸಿ 6 ತಳಿಯ ಬೀಜಕ್ಕೆ ನ್ಯೂಟ್ರಾನ್ ವಿಕಿರಣ ಹಾಯಿಸಿ ಪಡೆದ ಅರುಣಾ ತಳಿಯು ಒಂಬತ್ತು ತಿಂಗಳ ಬೆಳೆಯನ್ನು ನಾಲ್ಕೈದು ತಿಂಗಳಿಗೆ ಇಳಿಸಿತು, ಪಾಲೆಂ ಸಂಶೋಧನಾ ಕೇಂದ್ರದಿಂದ ಕ್ರಾಂತಿಯಂಥ ತಳಿಗಳೂ ಬಂದವು. ಆದರೂ ನೀರಾವರಿ ಮತ್ತು ಹೈಬ್ರಿಡ್ ಬೀಜಗಳ ಬಲದಿಂದ ಗುಜರಾತ್ ಬಹಳ ಮುಂದೆ ಹೋಯಿತು. ಇಲ್ಲಿ ಎಲೆಯನ್ನು ಬೋಳಿಸುವ ಕೊಂಡಲಿ ಹುಳು, ಗೊನೆಯ ಮೇಲೆ ಮಳೆ ಹಿಡಿದರೆ ಬರುವ ಬೂದು ಕೊಳೆರೋಗ, ಜುರಾಲಾ ಮತ್ತು ಭೀಮಾ ಯೋಜನೆಗಳ ನೀರು ಬಂದಲ್ಲೆಲ್ಲ ಭತ್ತ, ಗದ್ವಾಲದ ಕಡೆ ಬೀಜೋತ್ಪಾದನೆಯ ಹತ್ತಿ, ಇವೆಲ್ಲ ಸೇರಿ ಔಡಲವನ್ನು ಬದುವಿಗೆ ತಳ್ಳಿದವು. ಮಾದರಿ ವಿಮಾನಗಳಲ್ಲಿಯೂ ಈಗ ಲಿಥಿಯಂ ಬ್ಯಾಟರಿಯ ಬ್ರಷ್‌ರಹಿತ ಮೋಟಾರು ಎಂಜಿನ್ನಿನ ಜಾಗ ಹಿಡಿದಿದೆ. ಹಾಗಿದ್ದರೂ ಅಂತರರಾಷ್ಟ್ರೀಯ ವಾಯುಕ್ರೀಡಾ ಒಕ್ಕೂಟದ ನಿಯಮದಲ್ಲಿ, ತಂತಿ ಹಿಡಿದು ಸುತ್ತ ಹಾರಿಸುವ ವೇಗದ ಸ್ಪರ್ಧೆಗೆ, ದಶಕಗಳ ಕಾಲ ಗೊತ್ತುಮಾಡಿದ್ದ ಇಂಧನವೆಂದರೆ 80 ಪಾಲು ಮೆಥನಾಲ್, 20 ಪಾಲು ಔಡಲೆಣ್ಣೆ.